ಕ್ಲೋಸ್ ಆಫ್, ಬ್ಲಾಕ್ ಆಫ್, ಸೀಲ್ ಆಫ್: ಯಾವಾಗ ಯಾವುದು?

ದಾರಿ ಮುಚ್ಚಿದ್ದಾರೆ ಅಂತ ಇಂಗ್ಲಿಷ್‌ನಲ್ಲಿ ಬರೆಯುವಾಗ ಯಾವ ಪದ ಹಾಕೋದು ಅಂತ ಕೈ ತಡೆಯುತ್ತದೆ, ಅಲ್ವಾ? ಅನುಮಾನವಿದ್ದರೆ ‘ಕ್ಲೋಸ್ ಆಫ್’ ಆರಿಸಿಕೊಳ್ಳಿ. ಒಂದು ಜಾಗಕ್ಕೆ ಜನ ಹೋಗದ ಹಾಗೆ ಮಾಡುವುದು ಅಂತ ಅದರ ಅರ್ಥ. ರಸ್ತೆಗೂ ಸರಿ, ಮನೆಯ ಒಂದು ಕೋಣೆಗೂ ಸರಿ.

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು ಅಂದುಕೊಳ್ಳಿ. ಪೊಲೀಸರು ಸಂಚಾರ ನಿಲ್ಲಿಸಿದರೆ ‘ದ ಪೊಲೀಸ್ ಕ್ಲೋಸ್ಡ್ ಆಫ್ ದ ರೋಡ್’. ಬ್ಯಾರಿಕೇಡನ್ನೋ ಕಲ್ಲನ್ನೋ ಅಡ್ಡ ಇಟ್ಟದ್ದನ್ನೇ ಎತ್ತಿ ಹೇಳಬೇಕಾದರೆ ‘ಬ್ಲಾಕ್ಡ್ ಆಫ್’. ಬಿದ್ದ ಮಣ್ಣೇ ದಾರಿಗೆ ಅಡ್ಡವಾಗಿದ್ದರೆ ಬರೀ ‘ಬ್ಲಾಕ್ಡ್’ ಸಾಕು. ಇಲ್ಲಿ ಸುಮ್ನೆ ‘ಆಫ್’ ಸೇರಿಸುವವರು ಜಾಸ್ತಿ.

‘ಸೀಲ್ ಆಫ್’ ಇನ್ನೂ ಬಿಗಿ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. 2020ರಲ್ಲಿ ಕೊರೊನಾ ಹರಡಿದಾಗ ಬೆಂಗಳೂರಿನ ಪಾದರಾಯನಪುರಕ್ಕೆ ಆಗಿದ್ದು ಇದೇ. ನಮ್ಮ ಪತ್ರಿಕೆಗಳು ಆಗ ‘ಸೀಲ್‌ಡೌನ್’ ಅಂತ ಬರೆದವು. ಕನ್ನಡದಲ್ಲಿ ಅದು ಚೆನ್ನಾಗಿಯೇ ನಿಂತಿದೆ, ಆದರೆ ಇಂಗ್ಲಿಷ್ ವಾಕ್ಯಕ್ಕೆ ‘ಸೀಲ್ಡ್ ಆಫ್’ ಹಾಕಿ. ಪೊಲೀಸರು ಸಾಲಾಗಿ ನಿಂತೋ ಟೇಪ್ ಕಟ್ಟಿಯೋ ಜನರನ್ನು ದೂರ ಇಟ್ಟರೆ ‘ಕಾರ್ಡನ್ ಆಫ್’.

ಪದಗಳ ಜೋಡಣೆಯಲ್ಲೂ ಒಂದು ಗಂಟಿದೆ. ‘ಕ್ಲೋಸ್ ಆಫ್ ದ ರೋಡ್’, ‘ಕ್ಲೋಸ್ ದ ರೋಡ್ ಆಫ್’ ಎರಡೂ ಸರಿ. ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಕ್ಲೋಸ್ ಇಟ್ ಆಫ್’. ‘ಕ್ಲೋಸ್ ಆಫ್ ಇಟ್’ ತಪ್ಪು.

ನಲ್ಲಿ ನೀರು, ಗ್ಯಾಸ್, ಕರೆಂಟ್ ನಿಲ್ಲಿಸುವುದಕ್ಕೆ ಇವ್ಯಾವುದೂ ಬೇಡ. ಅಲ್ಲಿ ‘ಶಟ್ ಆಫ್’.