ಓಕೆಎಲ್‌ಸಿಎಚ್ ಡಾಟ್ ಕಾಮ್: ಜೋಳದ ರೇಟು ಕಾಣುವಂತೆ ಮಾಡಿದ ಸೈಟು

ನಮ್ಮ ಕಾಕಾ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ದಲ್ಲಾಲಿ. ದಿನದ ರೇಟು ರೈತರ ಮೊಬೈಲ್‌ನಲ್ಲೇ ಸಿಗಲಿ ಅಂತ ನನ್ನಿಂದ ಒಂದು ಪುಟ್ಟ ವೆಬ್ ಪುಟ ಮಾಡಿಸಿಕೊಂಡರು. ಒಂದೊಂದು ಮಾಲಿಗೆ ಒಂದೊಂದು ಬಣ್ಣದ ಪಟ್ಟಿ. ಜೋಳಕ್ಕೆ ಹಳದಿ, ಹೆಸರಿಗೆ ಹಸಿರು, ತೊಗರಿಗೆ ಕೆಂಪು, ಹತ್ತಿಗೆ ನೀಲಿ. ಮೇಲೆ ಬಿಳಿ ಅಕ್ಷರ. ನಾಲ್ಕಕ್ಕೂ ಎಚ್‌ಎಸ್‌ಎಲ್‌ನಲ್ಲಿ (ವೆಬ್‌ನಲ್ಲಿ ಬಣ್ಣ ಬರೆಯುವ ಹಳೆ ಅಳತೆ) ಲೈಟ್‌ನೆಸ್, ಅಂದರೆ ಬೆಳಕು, 50% ಕೊಟ್ಟಿದ್ದೆ. ನಂಬರ್ ಒಂದೇ ಇದ್ದರೆ ಎಲ್ಲವೂ ಒಂದೇ ಸಮ ಕಾಣಬೇಕು ಅಲ್ವಾ?

ಮರುದಿನ ಬಿಸಿಲಲ್ಲಿ ನಿಂತು ಕಾಕಾ ಫೋನ್ ಮಾಡಿದರು. "ಜೋಳದ್ದು ಏನೂ ಕಾಣವಲ್ದಲ್ಲೋ ತಮ್ಮಾ. ಹತ್ತೀದು ಅಷ್ಟ ಚಂದ ಕಾಣಾಕತ್ತೈತಿ."

ಆ ಸಿಟ್ಟಿನಲ್ಲಿ ಹುಡುಕುವಾಗ ಸಿಕ್ಕಿದ್ದು ಈ ಸೈಟು. ಓಕೆಎಲ್‌ಸಿಎಚ್ ಅನ್ನುವುದು ಬಣ್ಣ ಬರೆಯುವ ಇನ್ನೊಂದು ಅಳತೆ, ಆ ಅಳತೆಯಲ್ಲಿ ಬಣ್ಣ ಆರಿಸಲು ಈ ಸೈಟು. ಈವಿಲ್ ಮಾರ್ಷಿಯನ್ಸ್ ಎಂಬ ತಂಡದ್ದು. ಪುಕ್ಕಟೆ, ಕೋಡ್ ಕೂಡ ತೆರೆದಿಟ್ಟಿದ್ದಾರೆ. ನನ್ನ ಹಳದಿಯ ಹೆಕ್ಸ್ ಕೋಡ್ (# ಗುರುತಿನಿಂದ ಶುರುವಾಗುವ ಬಣ್ಣದ ಸಂಕೇತ) ಅಂಟಿಸಿದೆ. ಎಲ್, ಅಂದರೆ ಕಣ್ಣಿಗೆ ಕಾಣುವ ಬೆಳಕು, ಸುಮಾರು 0.97 ಬಂತು. ನೀಲಿ ಅಂಟಿಸಿದೆ, 0.45! ಎಚ್‌ಎಸ್‌ಎಲ್ ಎರಡಕ್ಕೂ 50% ಅಂತಿತ್ತು. ಬಿಳಿ ಅಕ್ಷರದ ಜೊತೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಪಟ್ಟಿಗೂ ಬೆಳಕಿನಲ್ಲಿರುವ ಅಂತರ, ಲೆಕ್ಕ ಹಾಕಿದರೆ ನೀಲಿಗೆ 8.59, ಹಳದಿಗೆ ಬರೀ 1.07. ಓದಲು ಕನಿಷ್ಠ 4.5 ಬೇಕು ಅನ್ನುವುದು ವೆಬ್‌ನ ನಿಯಮ. ಜೋಳ ಮಾಯವಾಗಿದ್ದರಲ್ಲಿ ಆಶ್ಚರ್ಯವೇ ಇಲ್ಲ.

ಒಳಗೆ ನಡೆಯುವುದು ಇಷ್ಟು. ಸ್ಕ್ರೀನಿನ ನಂಬರು ಬೆಳಕಿನ ಅಳತೆಯಲ್ಲ. 255ರಲ್ಲಿ 128 ಅಂದರೆ ಅರ್ಧ ಬೆಳಕು ಅಂದುಕೊಂಡಿದ್ದೆ, ನಿಜಕ್ಕೂ ಅದು ಸುಮಾರು 21.6%. ಹಾಗಾಗಿ ಮೊದಲು ಆ ನಂಬರನ್ನು ನಿಜವಾದ ಬೆಳಕಿಗೆ ಬಿಡಿಸಬೇಕು. ಆಮೇಲೆ ಕಣ್ಣಿನಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳ ಪಾಲಿಗೆ ಹಂಚಬೇಕು. ಒಂದೊಂದು ಪಾಲಿಗೂ ಘನಮೂಲ ತೆಗೆಯಬೇಕು. ಘನಮೂಲ ಯಾಕೆ? ಕತ್ತಲೆ ಕೋಣೆಗೆ ಒಂದು ದೀಪ ತಂದರೆ ಕಣ್ಣು ಅರಳುತ್ತದೆ, ಹತ್ತು ದೀಪ ಉರಿಯುವ ಕಡೆ ಇನ್ನೊಂದು ತಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಸಿಗುವುದು ಮೂರು: ಎಲ್ ಬೆಳಕು, ಸಿ ಬಣ್ಣದ ಗಾಢತೆ, ಎಚ್ ಬಣ್ಣದ ಚಕ್ರದಲ್ಲಿ ಯಾವ ಬಣ್ಣ ಅನ್ನುವ ಕೋನ. ಈ ಲೆಕ್ಕ ಕಟ್ಟಿದವರು ಬ್ಯೋರ್ನ್ ಒಟ್ಟೊಸ್ಸನ್, 2020ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಇಂಥದ್ದೇ ಕೆಲಸಕ್ಕೆ 1976ರ ಸಿಐಇಲ್ಯಾಬ್ ಎಂಬ ಅಳತೆ ಇತ್ತು, ಈಗಲೂ ಇದೆ. ನನ್ನ ಹತ್ತಿಯ ನೀಲಿಯನ್ನು ಅದರಲ್ಲಿ ತಿಳಿ ಮಾಡುತ್ತಾ ಹೋದರೆ ನೇರಳೆಗೆ ತಿರುಗಿತು. ಓಕೆಎಲ್‌ಸಿಎಚ್‌ನಲ್ಲಿ ನೀಲಿ ನೀಲಿಯಾಗೇ ಉಳಿಯಿತು. ನಾನು ಪಕ್ಷ ಬದಲಿಸಿದ್ದು ಅಲ್ಲೇ.

ಸೈಟಿನಲ್ಲಿ ನನಗೆ ಇಷ್ಟವಾದದ್ದು ಅದರ ಗ್ರಾಫು. ಒಂದೊಂದು ಸ್ಲೈಡರಿಗೂ ಒಂದು ಚಿತ್ರ, ಮಾಮೂಲಿ ಸ್ಕ್ರೀನ್ ಎಲ್ಲಿವರೆಗೆ ತೋರಿಸಬಲ್ಲದು, ಹೆಚ್ಚು ಗಾಢ ಬಣ್ಣ ತೋರಿಸುವ ಪಿ3 ಸ್ಕ್ರೀನ್ ಎಲ್ಲಿವರೆಗೆ ಅಂತ ಗೆರೆ. ಆ ಗೆರೆ ಡೊಂಕುಡೊಂಕು. ಎಚ್ ಸ್ವಲ್ಪ ಜರುಗಿಸಿದರೂ ಆಕಾರ ಬದಲು. ಒಂದು ಬಣ್ಣಕ್ಕೆ ಸಿಗುವ ಗಾಢತೆ ಇನ್ನೊಂದಕ್ಕೆ ಸಿಗುವುದಿಲ್ಲ ಅಂತ ಓದಿದ್ದೆ, ನಿಜವಾಗಿ ತಲೆಗೆ ಹೋಗಿದ್ದು ಇದನ್ನು ನೋಡಿದ ಮೇಲೆ. ಗೆರೆ ದಾಟಿದರೆ ಹತ್ತಿರದ ಸಾಧಾರಣ ಬಣ್ಣವನ್ನು ಪಕ್ಕದಲ್ಲೇ ತೋರಿಸುತ್ತದೆ. ಮೂರು ಆಯಾಮದ ಚಿತ್ರವೂ ಇದೆ. ಸುಮ್ನೆ ತಿರುಗಿಸಿ ನೋಡೋಕೆ ಚೆಂದ, ಕೆಲಸಕ್ಕೆ ನನಗೆ ಒಮ್ಮೆಯೂ ಬೇಕಾಗಲಿಲ್ಲ.

ಆದರೆ ಸೈಟು ನಂಬರ್ ಕೊಡುತ್ತದೆ, ರುಚಿ ಕೊಡುವುದಿಲ್ಲ. ಮೊದಲು ನಾಲ್ಕಕ್ಕೂ ಎಲ್ 0.55, ಸಿ 0.1 ಇಟ್ಟೆ. ಬಿಳಿ ಅಕ್ಷರ ಎಲ್ಲದರ ಮೇಲೂ ಓದಿಸಿಕೊಂಡಿತು. ಜೋಳದ ಹಳದಿ ಮಾತ್ರ ಒಣಗಿದ ಸಗಣಿ ಬಣ್ಣವಾಯಿತು. ಹಳದಿಯ ಗುಣವೇ ಅದು, ಬೆಳಕು ಕಿತ್ತುಕೊಂಡರೆ ಹಳದಿ ಹಳದಿಯಾಗಿ ಇರುವುದಿಲ್ಲ. ಇಡೀ ಲೆಕ್ಕ ತಲೆಕೆಳಗು ಮಾಡಿದೆ. ಪಟ್ಟಿಗೆ ಎಲ್ 0.9, ಸಿ 0.04, ಅಕ್ಷರಕ್ಕೆ ಅದೇ ಕೋನದಲ್ಲಿ ಎಲ್ 0.3. ಎಚ್ ಮಾತ್ರ ಬೇರೆ ಬೇರೆ: ಜೋಳ 90, ಹೆಸರು 145, ಹತ್ತಿ 255, ತೊಗರಿ 30. ನಾಳೆ ಶೇಂಗಾ ಸೇರಿಸಬೇಕಂದರೆ ಇನ್ನೊಂದು ಕೋನ ಹಾಕಿದರೆ ಮುಗಿಯಿತು. ವೆಬ್ ಪುಟಗಳಿಗೆ ರೂಪ ಕೊಡುವ ಸಾಧನ ಟೈಲ್‌ವಿಂಡ್ 4ರಲ್ಲಿ ಬಣ್ಣಗಳನ್ನೆಲ್ಲ ಇದೇ ಅಳತೆಯಲ್ಲಿ ಯಾಕೆ ಕೊಟ್ಟಿದ್ದಾರೆ ಅಂತ ಆಗ ಗೊತ್ತಾಯಿತು.

ಒಂದು ಎಚ್ಚರಿಕೆ. ಕ್ರೋಮ್ 111, ಸಫಾರಿ 15.4, ಫೈರ್‌ಫಾಕ್ಸ್ 113, ಇವಕ್ಕಿಂತ ಹಳೆಯದರಲ್ಲಿ ಈ ಬಣ್ಣಗಳು ಬರುವುದಿಲ್ಲ. ಯಾರ್ಡಿನಲ್ಲಿ ಹಳೆ ಫೋನುಗಳೇ ಜಾಸ್ತಿ. ಹಾಗಾಗಿ ಸೈಟು ಪಕ್ಕದಲ್ಲೇ ಕೊಡುವ ಹೆಕ್ಸ್ ಕೋಡನ್ನು ಮೊದಲ ಸಾಲಿಗೆ ಹಾಕಿ, ಕೆಳಗೆ ಹೊಸದನ್ನು ಬರೆದೆ. ಹಳೆ ಬ್ರೌಸರ್ ಕೆಳಗಿನ ಸಾಲು ಅರ್ಥವಾಗದೆ ಬಿಟ್ಟುಬಿಡುತ್ತದೆ.

ಕಾಕಾ ಈಗ ಕೈ ಅಡ್ಡ ಹಿಡಿಯದೆ ಬಿಸಿಲಲ್ಲೇ ರೇಟು ಓದುತ್ತಾರೆ. "ಎಲ್ಲಾ ಕಾಣಾಕತ್ತೈತಿ, ಖರೆ ಬಣ್ಣ ಸಪ್ಪಗ ಆದ್ವು ನೋಡು" ಅಂದರು. ತೊಗರಿಯ ಸಿ 0.05 ಮಾಡಿ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.