ಹಂಚಿನಿಂದಿಳಿದ ರೊಟ್ಟಿ, ಹಂಚಿಕೊಂಡ ನಾಷ್ಟಾ

ಧಾರವಾಡದ ಹಳೆಯ ಓಣಿಯೊಂದರ ಹೆಂಚಿನ ಮನೆಯ ಪಡಸಾಲೆಯಲ್ಲಿ, ಶನಿವಾರ ಮತ್ತು ರವಿವಾರ ಬೆಳಗಿನ 7.30ರಿಂದ 10.30ರವರೆಗೆ ಮಾತ್ರ ನಡೆಯುವ ನಾಷ್ಟಾ ಮನೆಯೊಂದರ ವಿಮರ್ಶೆ ಇದು. ಹೆಸರು, ಓಣಿ ಎರಡನ್ನೂ ಬರೆಯಬಾರದೆಂದು ನಡೆಸುವವರೇ ಕೇಳಿಕೊಂಡಿದ್ದಾರೆ. ಒಲೆ ಎರಡು, ರೊಟ್ಟಿ ಬಡಿಯುವವರು ಇಬ್ಬರು, ಪಡಸಾಲೆ ಹಿಡಿಸುವುದು 16 ಜನರನ್ನು. ಇದಕ್ಕಿಂತ ಹೆಚ್ಚು ಮಂದಿ ಬಂದರೆ ಕೈಗೆ ಅವಸರ ಹತ್ತಿ ರೊಟ್ಟಿ ಕೆಡುತ್ತದೆ ಎಂಬುದು ಅವರ ಅಂಜಿಕೆ, ಮತ್ತು ಕಳೆದ ಚಳಿಗಾಲದಲ್ಲಿ ಮೂರು ಸಲ ಹೋಗಿ ಉಂಡು ಬಂದ ಮೇಲೆ ಆ ಅಂಜಿಕೆ ಸರಿಯಾದದ್ದೇ ಎಂದು ನನಗೂ ಅನ್ನಿಸಿದೆ. ಹೆಸರಿಲ್ಲದ ವಿಮರ್ಶೆ ಯಾರಿಗೆ ಬೇಕು ಎಂದು ಕೇಳುವವರು ಇರಬಹುದು. ಮನೆಯ ರೊಟ್ಟಿಯನ್ನು ಮನೆಯಲ್ಲೇ ಬಡಿಸುವ ಇಂಥ ಜಾಗಗಳು ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿಗಳಲ್ಲೂ ಸಿಗುತ್ತವೆ. ಅಲ್ಲಿ ಹೇಗೆ ಕೂರಬೇಕು, ಏನನ್ನು ಕೇಳಿ ಹಾಕಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದಕ್ಕಾದರೂ ಇದು ಒದಗೀತು.

ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟ್ ಎಂಬ ಲೆಕ್ಕವಿಲ್ಲ. ನಾಲ್ಕು ಜನರಿಗೆ ಒಂದು ಪರಾತ, ಅಂದರೆ ಅಂಚಿರುವ ಅಗಲವಾದ ದೊಡ್ಡ ತಾಟು, ಅದಕ್ಕೆ 560 ರೂಪಾಯಿ. ಇಬ್ಬರೇ ಹೋದರೂ ಅರ್ಧ ಪರಾತ ಕೊಡುವುದಿಲ್ಲ. ಮತ್ತಿಬ್ಬರು ಬರುವವರೆಗೆ ಕಟ್ಟೆಯ ಮೇಲೆ ಕೂರಬೇಕು, ಬಂದವರ ಜೊತೆ ಒಂದೇ ಪರಾತಕ್ಕೆ ಕೂರಬೇಕು. ಮೊದಲ ಸಲ ಇದು ನನಗೆ ವ್ಯಾಪಾರದ ಜಾಣತನವೆಂದೇ ಕಂಡಿತ್ತು. ಅಪರಿಚಿತರೊಂದಿಗೆ ಒಂದೇ ಪಾತ್ರೆಗೆ ಕೈಯಿಡುವುದು ಎಲ್ಲರಿಗೂ ಒಗ್ಗುವ ಸಂಗತಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪಲ್ಯ, ಮೊಸರುಗಳಿಗೆ ಪ್ರತ್ಯೇಕ ಬಟ್ಟಲು, ಚಮಚಗಳಿವೆ. ನಡುವೆ ಬಂದು ಬೀಳುವ ರೊಟ್ಟಿ ಮಾತ್ರ ಎಲ್ಲರದು.

ಈ ಏರ್ಪಾಡಿನ ಕಾರಣ ತಿಳಿದದ್ದು ಒಲೆಯ ಮುಂದೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲವಾದ್ದರಿಂದ ಕೂತಲ್ಲಿಂದಲೇ ಎಲ್ಲವೂ ಕಾಣುತ್ತದೆ. ರೊಟ್ಟಿ ಬಡಿಯುವವರು ಒಬ್ಬರಿಗೊಬ್ಬರು ನೆಗೆಣ್ಣಿಯರು. ಹಿರಿಯರು ಜೋಳದ ಹಿಟ್ಟಿನ ನಡುವೆ ಗುಣಿ ಮಾಡಿ, ಕುದಿಯುವ ಎಸರನ್ನು ಸುರಿದು, ಮೊದಲು ಕಟ್ಟಿಗೆಯ ಸೌಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇಳಿದ ಕೂಡಲೇ ಅಂಗೈಯ ಬುಡದಿಂದ ನಾದುತ್ತಾರೆ. ಇಡೀ ಪರಾತದ ಹಿಟ್ಟನ್ನು ಒಮ್ಮೆಗೇ ನಾದಿಡುವುದಿಲ್ಲ, ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನು ಆಯಾ ಹೊತ್ತಿಗೆ ಮತ್ತೆ ನೀರು ಹಚ್ಚಿ ನಾದಿ ಮೆದು ಮಾಡಿಕೊಳ್ಳುತ್ತಾರೆ. ಆಮೇಲೆ ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಉಂಡೆಯನ್ನಿಟ್ಟು ಬಡಿಯಲು ತೊಡಗಿದರೆ, ರೊಟ್ಟಿ ತಾನಾಗಿಯೇ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ತಿರುಗಿಸುವ ಕೈ ಯಾವುದು, ಬಡಿಯುವ ಕೈ ಯಾವುದು ಎಂದು ನೋಡುತ್ತ ಕೂತರೂ ನನಗೆ ಗೊತ್ತಾಗಲಿಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲ್ಮೈಯನ್ನು ಒಮ್ಮೆ ಸವರಿ ಒಣಹಿಟ್ಟನ್ನು ತೊಳೆಯುತ್ತಾರೆ, ನೀರು ಆರುವ ಹೊತ್ತಿಗೆ ಮಗುಚುತ್ತಾರೆ, ಕೊನೆಗೆ ಒಲೆಯ ಬಾಯಿಗೆ ಎಳೆದ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಾರೆ. ಅಲ್ಲಿ ರೊಟ್ಟಿ ಉಬ್ಬುತ್ತದೆ. ಅಂಚಿನಲ್ಲಿ ಎಲ್ಲಿಯಾದರೂ ಬಿರುಕಿದ್ದರೆ ಹಬೆ ಅಲ್ಲಿಂದ ಹೊರಟುಹೋಗಿ ರೊಟ್ಟಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಅಂಥದ್ದನ್ನು ಅವರು ನಮಗೆ ಕೊಡದೆ ಬದಿಯ ಬುಟ್ಟಿಗೆ ಹಾಕುತ್ತಿದ್ದರು.

ಇಷ್ಟಕ್ಕೆ ಒಂದು ರೊಟ್ಟಿಗೆ ಹಿಡಿಯುವ ಸಮಯ ಸುಮಾರು ಎರಡು ನಿಮಿಷ. ನಾಲ್ವರಿಗೆ ನಾಲ್ಕು ರೊಟ್ಟಿ ಸೇರಿಸಿ ತರಬೇಕೆಂದರೆ ಮೊದಲನೆಯದು ಆರಿ ಬಿರುಸಾಗುವ ಹೊತ್ತಿಗೆ ನಾಲ್ಕನೆಯದು ಇಳಿಯುತ್ತದೆ. ಅದರ ಬದಲು ಹಂಚಿನಿಂದ ಇಳಿದದ್ದನ್ನು ಇಳಿದ ಹಾಗೆಯೇ ನಡುವೆ ಇಟ್ಟು, ನಾಲ್ವರೂ ಕಾಲುಭಾಗ ಮುರಿದುಕೊಂಡರೆ, ಯಾರ ತುತ್ತೂ ತಣ್ಣಗಾಗುವುದಿಲ್ಲ. ಮೊದಲ ದಿನ ನಾವು ಸಂಕೋಚದಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾಗ ಹಿರಿಯ ನೆಗೆಣ್ಣಿ ಒಲೆಯ ಬಳಿಯಿಂದಲೇ, “ಕಾಯಕೋತ ಕೂಡಬ್ಯಾಡ್ರಿ ತಮ್ಮಾ, ಮುರಕೊಂಡು ತಿನ್ರಿ. ಮುಂದಿಂದು ಬರತೈತಿ” ಎಂದು ಕೂಗಿದರು. ಊರ ಕಡೆ ಹೊಲದಲ್ಲಿ ಬುತ್ತಿ ಬಿಚ್ಚಿ ಸುತ್ತ ಕೂತು ಉಣ್ಣುವುದನ್ನು ಕಂಡಿದ್ದ ನನಗೆ, ಆ ಪದ್ಧತಿ ಪಡಸಾಲೆಗೆ ಬಂದರೂ ಇಷ್ಟು ಕರಾರುವಾಕ್ಕಾಗಿ ಹೊಂದುತ್ತದೆಂದು ಅನ್ನಿಸಿರಲಿಲ್ಲ.

ಹಿಟ್ಟಿನ ವಿಚಾರದಲ್ಲಿ ಇವರು ರಾಜಿ ಮಾಡಿಕೊಳ್ಳುವುದಿಲ್ಲ ಎಂಬುದು ತಿನ್ನುವಾಗಲೇ ತಿಳಿಯುತ್ತದೆ. ಗೋಧಿಯಲ್ಲಿರುವಂತೆ ಹಿಟ್ಟನ್ನು ಎಳೆದು ಹಿಡಿಯುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುವುದೇ ಅದರ ಜಿಗಿ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಆದ್ದರಿಂದ ಇಲ್ಲಿ ವಾರದ ಜೋಳವನ್ನು ಶುಕ್ರವಾರ ಗಿರಣಿಗೆ ಕಳಿಸುತ್ತಾರೆ, ಉಳಿದ ಹಿಟ್ಟನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುವುದಿಲ್ಲ. ಜೋಳ ವಿಜಯಪುರದ ಕಡೆಯ ಹಿಂಗಾರಿ ಬಿಳಿಜೋಳ, ಮಾಲದಂಡಿ ಎಂದು ಕರೆಯುವ ಎಂ-35-1 ತಳಿ. ಮಳೆಗಾಲದ ಕೊನೆಗೆ ಎರೆಭೂಮಿಯಲ್ಲಿ ಬಿತ್ತಿ, ನೆಲದಲ್ಲಿ ಉಳಿದ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ಬೆಳೆಯುವ ಈ ಜೋಳದ ಕಾಳು ಮುತ್ತಿನಂತೆ ದುಂಡಗೆ, ಬೆಳ್ಳಗೆ ಇರುತ್ತದೆ. ಮುಂಗಾರಿನ ಜೋಳ ಕಾಳುಗಟ್ಟುವಾಗ ಮಳೆಗೆ ಸಿಕ್ಕು ಕಪ್ಪಾಗುವ ಭಯ ಇದಕ್ಕಿಲ್ಲ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ಬೆಂಗಳೂರಿನ ಎಷ್ಟೋ ಹೋಟೆಲುಗಳ ಪಟ್ಟಿಯಲ್ಲಿ ಜೋಳದ ರೊಟ್ಟಿ ಆರೋಗ್ಯದ ಹೆಸರಿನಲ್ಲಿ ಬಂದು ಕೂತಿತು. ಅಲ್ಲಿ ಯಂತ್ರ ಒತ್ತಿದ ರೊಟ್ಟಿಯನ್ನು ಮತ್ತೆ ಬಿಸಿ ಮಾಡಿ, ಬಾಡಿದ ಕೊತ್ತಂಬರಿ ಉದುರಿಸಿ ಕೊಡುವುದನ್ನು ತಿಂದವರಿಗೆ, ಎರಡಕ್ಕೂ ಒಂದೇ ಹೆಸರು ಇರುವುದು ಅನ್ಯಾಯವೆನಿಸೀತು.

ರೊಟ್ಟಿಯ ಜೊತೆ ಬರುವವುಗಳಲ್ಲಿ ನನ್ನ ಮೊದಲ ಆಯ್ಕೆ ಜುಣಕ. ಕಡಲೆಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ತಾಟಿಗೆ ಹರವಿ, ಮೇಲೆ ಒಣಕೊಬ್ಬರಿ ಉದುರಿಸಿ, ಚೌಕಾಕಾರಕ್ಕೆ ಕತ್ತರಿಸಿ ತರುತ್ತಾರೆ. ಹೊರಗೆ ಗಟ್ಟಿ, ಮುರಿದರೆ ಒಳಗೆ ಬೆಣ್ಣೆಯಂಥ ಮೆದು. ಶೇಂಗಾ, ಅಗಸಿ, ಗುರೆಳ್ಳು ಮೂರೂ ಹಿಂಡಿಗಳು, ಅಂದರೆ ಚಟ್ನಿಪುಡಿಗಳು, ಇವೆ. ಗುರೆಳ್ಳಿನದು ಕೊಂಚ ಕಹಿಯಾಗಿ ಹುರಿದಿತ್ತು, ಆದರೆ ಎಮ್ಮೆಯ ಹಾಲಿನ ಕೆನೆಮೊಸರಿನಲ್ಲಿ ಕಲಸಿಕೊಂಡಾಗ ಆ ಕಹಿಯೇ ಬೇಕೆನಿಸಿತು. ಹಸಿ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಮೆಂತ್ಯ, ಹುಣಸೆಯೊಂದಿಗೆ ಅರೆದ ಕೆಂಪು ಖಾರಕ್ಕೆ ಬ್ಯಾಡಗಿ ಕಾಯಿಯನ್ನೇ ಬಳಸಿದ್ದಾರೆಂದು ಬಣ್ಣ ಹೇಳುತ್ತದೆ: 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಈ ಕಾಯಿಗೆ ಕೆಂಪು ಹೆಚ್ಚು, ಖಾರ ಕಡಿಮೆ. ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯೆ ಸೊಪ್ಪು, ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು ತೊಳೆದ ನೀರು ಇನ್ನೂ ತೊಟ್ಟಿಕ್ಕುತ್ತಿರುವಂತೆಯೇ ಬರುತ್ತವೆ.

ಎಣ್ಣೆಗಾಯಿ ಮಾತ್ರ ನನಗೆ ಹಿಡಿಸಲಿಲ್ಲ. ಮುಳಗಾಯಿ (ಬದನೆಕಾಯಿ) ಎಳೆಯದಿತ್ತು, ತುಂಬಿದ ಮಸಾಲೆಯೂ ಸರಿಯಾಗಿಯೇ ಹುರಿದಿತ್ತು, ಆದರೆ ಬೆಲ್ಲದ ಕೈ ಜೋರು. ಹೊರಗಿನಿಂದ ಬರುವವರಿಗೆ ಸಿಹಿ ಬೇಕಾಗುತ್ತದೆ ಎಂಬ ಅಂದಾಜಿನಿಂದ ಹಾಗೆ ಮಾಡುತ್ತಿರಬಹುದು. ಮೂರನೆಯ ಸಲ ಹೋದಾಗಲೂ ಅದೇ ಸಿಹಿ ಇತ್ತು. ಮೇಲೆ ನಿಂತ ಎಣ್ಣೆಯನ್ನು ಹೆಸರಿಗೆ ತಕ್ಕಂತೆ ಇದೆಯೆಂದು ಕ್ಷಮಿಸಬಹುದು, ಬೆಳಗಿನ ಎಂಟು ಗಂಟೆಗೆ ಬೆಲ್ಲವನ್ನಲ್ಲ. ಅದರ ಬದಲು ಮಡಿಕೆಕಾಳಿನ ಪಲ್ಯ ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತಾರೆ.

ತಾಲಿಪಟ್ಟು ಪ್ರತ್ಯೇಕವಾಗಿ ಹೇಳಬೇಕಾದ ತಿನಿಸು. ಜೋಳ, ಗೋಧಿ, ಕಡಲೆ, ಅಕ್ಕಿ ಹಿಟ್ಟುಗಳಿಗೆ ಉಳ್ಳಾಗಡ್ಡಿ, ಕೊತ್ತಂಬರಿ, ಅಜಿವಾನ, ಎಳ್ಳು ಸೇರಿಸಿ ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ಐದು ತೂತು ಮಾಡಿ, ಒಂದೊಂದು ತೂತಿಗೂ ಎಣ್ಣೆ ಬಿಡುತ್ತಾರೆ. ತೂತಿನ ಅಂಚು ಗರಿಗರಿ, ನಡುವಿನ ಭಾಗ ಮೆದು. ಹೀಗಾಗಿ ನಾಲ್ವರು ಹಂಚಿಕೊಳ್ಳುವಾಗ ತೂತುಗಳಿರುವ ತುಂಡಿಗೆ ಸಣ್ಣ ಜಗಳವೇ ನಡೆಯುತ್ತದೆ. ಜೊತೆಗೆ ಬರುವ ಬೆಣ್ಣೆಯ ಉಂಡೆ ಲಿಂಬೆಹಣ್ಣಿನಷ್ಟು ದೊಡ್ಡದು, ಒಂದೇ ಸಲ ಕೊಡುತ್ತಾರೆ, ಎರಡನೆಯದಕ್ಕೆ ದುಡ್ಡು ಬೇರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಹೋದಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಇತ್ತು, ಚೆನ್ನಾಗಿತ್ತು. ಆ ದಿನದ ಮಾದಲಿ, ಅಂದರೆ ಗೋಧಿ-ಬೆಲ್ಲದ ಪುಡಿಪುಡಿ ಸಿಹಿ, ತೀರ ಒಣಗಿತ್ತು.

ನುಚ್ಚಿನ ಬಗ್ಗೆ ಹೆಚ್ಚು ಜನ ಬರೆಯುವುದಿಲ್ಲ, ಬಹುಶಃ ಅದು ನೋಡಲು ಚಂದವಿಲ್ಲದ ಕಾರಣ. ಒಡೆದ ಜೋಳವನ್ನು ರಾತ್ರಿ ನೆನೆಸಿ, ಬೆಳಗ್ಗೆ ಉಪ್ಪು ಹಾಕಿ ಕಡಿಮೆ ಉರಿಯಲ್ಲಿ ಬೇಯಿಸಿದ ಬೂದುಬಿಳಿ ಬಣ್ಣದ ಮುದ್ದೆ, ಮೇಲೆ ಮಜ್ಜಿಗೆ, ಪಕ್ಕದಲ್ಲಿ ಉಳ್ಳಾಗಡ್ಡಿ, ಅಷ್ಟೇ. ಕಾಳು ಬೆಂದಿರಬೇಕು, ಆದರೆ ಹಲ್ಲಿಗೆ ಸಿಗಬೇಕು. ಆ ಹದ ಇಲ್ಲಿ ಮೂರೂ ಸಲ ತಪ್ಪಲಿಲ್ಲ. ರೊಟ್ಟಿಯ ಬಿಸಿ, ಖಾರಗಳ ನಡುವೆ ಎರಡು ಚಮಚ ತಣ್ಣನೆಯ ನುಚ್ಚು ತಿಂದರೆ ಮತ್ತೆ ಮೊದಲಿನಿಂದ ತಿನ್ನಲು ಬಾಯಿ ಸಿದ್ಧವಾಗುತ್ತದೆ.

ಮುಟಗಿ ಪಟ್ಟಿಯಲ್ಲಿ ಇಲ್ಲ, ಹಿಂದಿನ ಸಂಜೆಯೇ ಫೋನ್ ಮಾಡಿ ಹೇಳಬೇಕು. ಸ್ವಲ್ಪ ದಪ್ಪಗೆ ಬಡಿದ ರೊಟ್ಟಿಯನ್ನು ಹಂಚಿನಿಂದ ಇಳಿಸಿದ ಕೂಡಲೇ ಒರಳಿಗೆ ಹಾಕಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಸೇರಿಸಿ ಕುಟ್ಟಿ, ತುಪ್ಪ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಕೊಡುತ್ತಾರೆ. ಕೊಟ್ಟ ಉಂಡೆಯ ಮೇಲೆ ನಾಲ್ಕು ಬೆರಳಿನ ಗುರುತು ಹಾಗೆಯೇ ಮೂಡಿರುತ್ತದೆ. ರೊಟ್ಟಿ ಆರಿದ್ದರೆ ಅದು ಪುಡಿಯಾಗುತ್ತದೆಯೇ ಹೊರತು ಮುಟಗಿಯಾಗುವುದಿಲ್ಲ, ಆದ್ದರಿಂದ ಇದನ್ನು ಹೋಟೆಲಿನಲ್ಲಿ ನಿರೀಕ್ಷಿಸುವುದೇ ತಪ್ಪು. ನಾಲ್ವರಿಗೆ ನಾಲ್ಕು ಉಂಡೆ, 120 ರೂಪಾಯಿ. ಇಲ್ಲಿ ಹಂಚಿಕೊಳ್ಳದೆ ತಿನ್ನಬಹುದಾದ ತಿನಿಸು ಇದೊಂದೇ, ಮತ್ತು ನಾನು ಹಂಚಿಕೊಳ್ಳಲಿಲ್ಲ.

ಕೊರತೆಗಳು ಇನ್ನೂ ಕೆಲವಿವೆ. ಚಹಾ ಪಾನಕದಷ್ಟು ಸಿಹಿ, ಅದನ್ನು ಹೊರಗೆ ಬಂದು ಬೇರೆಡೆ ಕುಡಿಯುವುದೇ ಮೇಲು. ನೆಲದ ಮೇಲೆ ಚಾಪೆ ಹಾಸಿ ಕೂರಿಸುತ್ತಾರೆ. ಮೊಣಕಾಲು ನೋವಿರುವ ಹಿರಿಯರಿಗಾಗಿ ಇರುವ ಮೇಜು ಒಂದೇ, ಅದೂ ಒಲೆಯ ಹೊಗೆ ಹೋಗುವ ದಾರಿಯಲ್ಲಿದೆ. ಎರಡನೆಯ ಸಲ ನಾವು 10 ಗಂಟೆಗೆ ಹೋದಾಗ ಹೊಸ ಹಿಟ್ಟು ಮುಗಿದಿತ್ತು. ಅದನ್ನು ಬಾಗಿಲಲ್ಲೇ ಹೇಳಿದ್ದರೆ ತಿರುಗಿ ಹೋಗುತ್ತಿದ್ದೆವು, ಆದರೆ ಕೂರಿಸಿ, ಕೈ ತೊಳೆಸಿ, ಬದಿಯ ಬುಟ್ಟಿಗೆ ಹಾಕಿದ್ದ ಉಬ್ಬದ ರೊಟ್ಟಿಗಳನ್ನೇ ಮತ್ತೆ ಹಂಚಿಗೆ ಹಾಕಿ ಬಡಿಸಿದರು. ಹಣವನ್ನು ಪೂರ್ತಿಯಾಗಿಯೇ ತೆಗೆದುಕೊಂಡರು. ಕೇಳಿದ್ದಕ್ಕೆ ಕಿರಿಯ ನೆಗೆಣ್ಣಿ, “ಹಸಕೊಂಡು ಬಂದಾವ್ರನ್ನ ಹೆಂಗ ಹೊಳ್ಳಿ ಕಳಸೂದ್ರಿ?” ಎಂದರು. ಮಾತಿಗೆ ಎದುರು ಹೇಳಲಾಗಲಿಲ್ಲ, ಆದರೂ ನನ್ನ ದೂರು ದೂರೇ. 8.30ರ ಒಳಗೆ ಹೋಗುವುದು ಕ್ಷೇಮ.

ಕಡಕ್ ರೊಟ್ಟಿಯನ್ನು ಕಟ್ಟಿಸಿಕೊಂಡು ಹೋಗುವ ಸೌಕರ್ಯವೂ ಇದೆ: 25ಕ್ಕೆ 250 ರೂಪಾಯಿ. ನೀರಿನಂಶ ಪೂರ್ತಿ ಆರುವವರೆಗೆ ಬೇಯಿಸಿ ಒಣಗಿಸಿದ ಈ ರೊಟ್ಟಿ ಹಸಿ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಬೆಂಗಳೂರಿನ ನಮ್ಮ ಮನೆಯಲ್ಲಿ ಎರಡು ತಿಂಗಳು ಬಂತು. ಕಟ್ಟಿಕೊಡುವ ಕ್ರಮ ಮಾತ್ರ ಸುಧಾರಿಸಬೇಕು. ವೃತ್ತಪತ್ರಿಕೆಯಲ್ಲಿ ಸುತ್ತಿ, ಮೇಲೊಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿ ಕೊಟ್ಟದ್ದು ರೈಲು ಹತ್ತುವ ಗದ್ದಲದಲ್ಲಿ ಒತ್ತಿ, ಮೇಲಿನ ಏಳೆಂಟು ರೊಟ್ಟಿ ಚೂರಾದವು. ಮುಂದಿನ ಸಲ ಹೋದಾಗ ಅದನ್ನು ಹೇಳಿದೆ. ಹಿರಿಯರು ಹಲಗೆಯಿಂದ ಕಣ್ಣೆತ್ತದೆ, “ಮುರದದ್ದನ್ನ ಮೊಸರಾಗ ನೆನಸಿ, ಮ್ಯಾಲೆ ಶೇಂಗಾ ಹಿಂಡಿ ಹಾಕ್ರಿ” ಎಂದಷ್ಟೇ ಹೇಳಿ, ಕಟ್ಟುವ ಹುಡುಗನ ಕಡೆ ತಿರುಗಿ ರಟ್ಟಿನ ಡಬ್ಬಿ ಹುಡುಕಲು ಕಳಿಸಿದರು. ಡಬ್ಬಿ ಸಿಗಲಿಲ್ಲ. ಈ ಸಲ ಹಾವೇರಿ ದಾಟುವಷ್ಟರಲ್ಲಿಯೇ ಮೇಲಿನ ಐದು ಚೂರಾಗಿದ್ದವು. ಹುಬ್ಬಳ್ಳಿಯಲ್ಲಿ ಕೊಂಡಿದ್ದ ಮೊಸರಿನ ಪಾಕೀಟು ಒಡೆದು, ಸ್ಟೀಲ್ ಡಬ್ಬಿಯಲ್ಲಿ ಅವನ್ನು ನೆನೆಸಿಟ್ಟು, ದಾವಣಗೆರೆಯ ಹೊತ್ತಿಗೆ ಎದುರು ಸೀಟಿನವರಿಗೂ ಒಂದು ಚಮಚ ಕೊಟ್ಟು ತಿಂದು ಮುಗಿಸಿದೆವು.