ಓದು ನಿಂತಾಗ ಯಾವ ಪುಸ್ತಕ ಹಿಡಿಯಬೇಕು? ಐದು ಕನ್ನಡ ಪುಸ್ತಕಗಳ ಹೋಲಿಕೆ

ಓದೋ ಹುಚ್ಚು ಇರುವವರಿಗೂ ಆಗಾಗ ಓದು ನಿಂತುಹೋಗುತ್ತದೆ. ಪುಸ್ತಕ ತೆಗೆದ ಎರಡೇ ಪುಟಕ್ಕೆ ಕೈ ಮೊಬೈಲ್ ಕಡೆ ಹೋಗುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತಾ ಕೂರುತ್ತೇವೆ. ನನಗೆ ಹೀಗೆ ಆದಾಗಲೆಲ್ಲ ಒಂದಲ್ಲ ಒಂದು ಪುಸ್ತಕವನ್ನು ಹಿಡಿದು ನೋಡಿದ್ದೇನೆ. ಕೆಲವು ಕೈ ಹಿಡಿದವು, ಕೆಲವು ಅರ್ಧ ದಾರಿಯವರೆಗೆ ಬಂದವು. ಅವುಗಳಲ್ಲಿ ಐದನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಐದೂ ನನಗೆ ತುಂಬಾ ಇಷ್ಟದವು, ಹಾಗಾಗಿ ಯಾವುದು ದೊಡ್ಡ ಕೃತಿ ಅನ್ನೋ ಮಾತೇ ಇಲ್ಲಿ ಬೇಡ. ನಾನು ನೋಡೋದು ಒಂದೇ ಒಂದು: ಆ ಪುಸ್ತಕ ಮುಗಿದ ಮೇಲೆ ಇನ್ನೊಂದು ಪುಸ್ತಕ ತೆಗೆಯೋ ಮನಸ್ಸಾಯಿತಾ?

ಓದು ನಿಂತಿದೆ ಅಂದರೆ ಎಲ್ಲರೂ ಮೊದಲು ಹೇಳೋದು ತೆಳ್ಳಗಿನ ಪುಸ್ತಕ ಹಿಡಿ ಅಂತ. ಈ ಸಲಹೆಗೆ ತಕ್ಕಂತೆ ನಾನು ಹಿಡಿದದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಅದೇ ಹೆಸರಿನ ಸಂಕಲನದಲ್ಲಿ ಬಂದ ನೀಳ್ಗತೆ. ಕಾಫಿ ಹೌಸ್‌ನಲ್ಲಿ ಕೂತ ಒಬ್ಬ ತನ್ನ ಮನೆಯ ಕತೆ ಹೇಳುತ್ತಾನೆ. ಇರುವೆಗಳ ಜೊತೆ ಗುದ್ದಾಡಿಕೊಂಡು ಸಣ್ಣ ಮನೆಯಲ್ಲಿದ್ದ ಕುಟುಂಬ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿದ ಮೇಲೆ ದೊಡ್ಡ ಮನೆಗೆ ಹೋಗುತ್ತದೆ. ಒಂದು ದಿನ ಆ ಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಪ್ಪನಿಗೆ ಅಂತ ಡಬ್ಬಿಯಲ್ಲಿ ಬೇಳೆ ಸಾರು ತಂದಿದ್ದಾಳೆ. ಮನೆಯವರು ಅವಳನ್ನು ಓಡಿಸೋ ಆ ಕೆಲವು ಪುಟಗಳನ್ನು ಓದುವಾಗ ಮೊಬೈಲ್ ಎಲ್ಲಿದೆ ಅನ್ನೋದೂ ಮರೆತುಹೋಗುತ್ತದೆ. ಒಂದೇ ಸಲ ಕೂತು ಓದಿ ಮುಗಿಸಿದೆ. ಆದರೆ ಮುಗಿಸಿದ ಮೇಲೆ ಬೇರೆ ಪುಸ್ತಕ ತೆಗೆಯೋಕೆ ಆಗಲೇ ಇಲ್ಲ. ಆ ಮನೆಯವರು ತಲೆಯಲ್ಲೇ ಕೂತುಬಿಟ್ಟರು. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ ಅನ್ನೋ ಯೋಚನೆ ದಿನಗಟ್ಟಲೆ ಬಿಡಲಿಲ್ಲ. ಓದಲೇಬೇಕಾದ ಕತೆ, ಅದರಲ್ಲಿ ಎರಡು ಮಾತಿಲ್ಲ. ನಿಂತ ಓದಿಗೆ ಮಾತ್ರ ಅದು ಭಾರ. ಪುಟ ಕಡಿಮೆ ಇದ್ದ ಮಾತ್ರಕ್ಕೆ ಪುಸ್ತಕ ಹಗುರ ಆಗುವುದಿಲ್ಲ.

ಎರಡನೆಯ ಸಲಹೆ, ಕೈಬಿಡದಂತೆ ಓದಿಸಿಕೊಂಡು ಹೋಗೋ ಥ್ರಿಲ್ಲರ್. ಕನ್ನಡದಲ್ಲಿ ಇದಕ್ಕೆ ಮೊದಲು ನೆನಪಾಗೋದು ಕೆ.ಎನ್. ಗಣೇಶಯ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ವಿಜ್ಞಾನಿ, ಚರಿತ್ರೆಯ ಒಗಟುಗಳನ್ನು ಹಿಡಿದು ಕಾದಂಬರಿ ಬರೆದವರು. 'ಕನಕ ಮುಸುಕು' ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದಂಥ ತೆನೆಯ ಸುತ್ತ ಬೆಳೆಯುತ್ತದೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಹೋಗುವ ಮೊದಲೇ, 13ನೇ ಶತಮಾನದ ಗುಡಿಯ ಶಿಲ್ಪಕ್ಕೆ ಅದು ಹೇಗೆ ಬಂತು? ಅದು ಜೋಳವೇ ಅಲ್ಲ ಅನ್ನುವವರೂ ಇದ್ದಾರೆ. ಈ ಪುಸ್ತಕ ಓದಿದ ಮೇಲೆ ಸೋಮನಾಥಪುರಕ್ಕೆ ಹೋದಾಗ ನಾನು ಶಿಲ್ಪಗಳ ಮುಖ ಬಿಟ್ಟು ಕೈಗಳನ್ನೇ ನೋಡುತ್ತಾ ನಿಂತಿದ್ದೆ.

ನಿದ್ದೆಗೆಟ್ಟು ಓದಿದೆ, ಅದು ನಿಜ. ಆದರೆ ಥ್ರಿಲ್ಲರ್ ಓಡೋ ವೇಗಕ್ಕೆ ಮನಸ್ಸು ಹೊಂದಿಕೊಂಡುಬಿಡುತ್ತದೆ. ಆಮೇಲೆ ನಿಧಾನದ ಪುಸ್ತಕ ಯಾವುದನ್ನು ತೆಗೆದರೂ ಸಪ್ಪೆ ಅನ್ನಿಸುತ್ತದೆ. ಗಣೇಶಯ್ಯನವರದೇ ಇನ್ನೊಂದು, ಮತ್ತೊಂದು ಅಂತ ಓದಿಕೊಂಡು ಹೋಗೋರಿಗೆ ಇದು ತೊಂದರೆಯೇ ಅಲ್ಲ. ನನಗೆ ಹಾಗೆ ಆಗಲಿಲ್ಲ, ಒಂದು ಮುಗಿದ ಮೇಲೆ ಮತ್ತೆ ಖಾಲಿ ಕೂತೆ.

ಇನ್ನು ಪೂರ್ಣಚಂದ್ರ ತೇಜಸ್ವಿ. ನನ್ನ ಮಟ್ಟಿಗೆ ನಿಜವಾದ ಪೈಪೋಟಿ ಇರೋದು ಅವರ ಎರಡು ಪುಸ್ತಕಗಳ ನಡುವೆಯೇ: 1980ರ 'ಕರ್ವಾಲೊ' ಮತ್ತು 1991ರ 'ಪರಿಸರದ ಕತೆ'.

'ಕರ್ವಾಲೊ' ಓದದವರು ಯಾರಾದರೂ ಓದು ನಿಂತಿದೆ ಅಂದರೆ ಬೇರೆ ಯೋಚನೆಯೇ ಬೇಡ, ಅದನ್ನೇ ಕೊಡಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗೋ ಕತೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಿಂತ ಓದನ್ನು ಮತ್ತೆ ಎಳೆದು ತರೋದು ಓತಿ ಅಲ್ಲ, ಅದಕ್ಕಿಂತ ಮೊದಲಿನ ಪುಟಗಳು. ಜೇನಿನ ವಿಷಯ, ಮಂದಣ್ಣನ ಮದುವೆ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ. ಊರವರಿಗೆಲ್ಲ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಬೇರೆಯೇ ಏನನ್ನೋ ಕಂಡಿದ್ದಾರೆ. ಅದೇನು ಅಂತ ಕುತೂಹಲ ಹುಟ್ಟೋ ಹೊತ್ತಿಗೆ ನೀವು ಆಗಲೇ ಓದೋಕೆ ಶುರು ಮಾಡಿ ಬಹಳ ಹೊತ್ತಾಗಿರುತ್ತದೆ. ಕಾಡು ಬರೋ ಹೊತ್ತಿಗೆ ಪುಸ್ತಕ ಕೆಳಗಿಡೋ ಮಾತೇ ಇಲ್ಲ.

ಹಾಗಿದ್ದರೂ ನನಗೆ ಓದು ನಿಂತಾಗ ನಾನು ತೆಗೆಯೋದು 'ಪರಿಸರದ ಕತೆ'. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಓದು ನಿಂತವರಿಗೆ ಕಷ್ಟ ಇರೋದು ಪುಸ್ತಕ ಶುರು ಮಾಡೋದರಲ್ಲಿ ಅಲ್ಲ, ಬಿಟ್ಟಲ್ಲಿಂದ ಮತ್ತೆ ಹಿಡಿಯೋದರಲ್ಲಿ. ಮೂರು ದಿನ ಬಿಟ್ಟು ಕಾದಂಬರಿ ತೆರೆದರೆ ಇವನು ಯಾರು, ಇವಳು ಅವನಿಗೆ ಏನಾಗಬೇಕು ಅಂತ ಹಿಂದಿನ ಪುಟ ತಿರುವಬೇಕು. ಅಲ್ಲೇ ಬೇಜಾರು ಬಂದು ಪುಸ್ತಕ ಮುಚ್ಚಿಹೋಗುತ್ತದೆ. ಕಥಾಸಂಕಲನದಲ್ಲಿ ಈ ತೊಂದರೆ ಇಲ್ಲ, ಆದರೆ ಅಲ್ಲಿ ಪ್ರತಿ ಕತೆಗೂ ಹೊಸ ಊರು, ಹೊಸ ಜನ. ಪ್ರತಿ ಸಲ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕು. 'ಪರಿಸರದ ಕತೆ'ಯಲ್ಲಿ ಎರಡೂ ತೊಂದರೆ ಇಲ್ಲ. 'ಕಿವಿಯೊಡನೆ ಒಂದು ದಿನ', 'ಮಾಸ್ತಿ ಮತ್ತು ಬೈರ', 'ಸುಸ್ಮಿತ ಮತ್ತು ಹಕ್ಕಿಮರಿ', ಒಂದೊಂದೂ ಅಲ್ಲಲ್ಲೇ ಮುಗಿಯುತ್ತದೆ. ವಾರ ಬಿಟ್ಟು ಬಂದರೂ ಏನೂ ಕಳೆದುಕೊಂಡಿರುವುದಿಲ್ಲ. ಆದರೆ ಮೂಡಿಗೆರೆಯ ತೇಜಸ್ವಿಯವರ ತೋಟ ಅದೇ, ಮಳೆ ಅದೇ, ಕತೆ ಹೇಳೋ ದನಿ ಅದೇ. ನಾಲ್ಕು ಕತೆ ಆಗೋ ಹೊತ್ತಿಗೆ ಮೂಡಿಗೆರೆಯಲ್ಲಿ ನಿಮಗೆ ಪರಿಚಯದವರ ಮನೆ ಒಂದಿದೆ ಅನ್ನಿಸೋಕೆ ಶುರುವಾಗುತ್ತದೆ.

ಇನ್ನೊಂದು ಗುಣ, ಇದನ್ನು ಜೋರಾಗಿ ಓದಬಹುದು. ನಮ್ಮ ಮನೆಯಲ್ಲಿ ಊಟ ಆದ ಮೇಲೆ ಮಕ್ಕಳಿಗೆ ಓದಿ ಹೇಳೋಕೆ ಶುರು ಮಾಡಿದೆ. ಹಕ್ಕಿಮರಿ ಕತೆ ಮುಗಿದ ತಕ್ಷಣ ಸಣ್ಣವಳು "ಇನ್ನೊಂದು ಓದಪ್ಪಾ" ಅಂದಳು. ನಾಳೆ ಅಂದೆ. ನಾಳೆ ಅಂದ ಮೇಲೆ ಓದಲೇಬೇಕಲ್ಲ. ಹಾಗೆ ದಿನಾ ಒಂದು ಅಂತ ಓದುತ್ತಾ, ಅವರು ಮಲಗಿದ ಮೇಲೆ ಮುಂದಿನ ಕತೆಯನ್ನು ನಾನೊಬ್ಬನೇ ಓದಿಕೊಳ್ಳೋಕೆ ಶುರು ಮಾಡಿದೆ. ಆ ಪುಸ್ತಕ ಮುಗಿಯೋ ಮೊದಲೇ ಮುಂದೆ ಏನು ಓದಬೇಕು ಅಂತ ಕಪಾಟಿನ ಮುಂದೆ ನಿಂತಿದ್ದೆ. ಬೇರೆ ಯಾವ ಪುಸ್ತಕವೂ ನನಗೆ ಈ ಕೆಲಸ ಮಾಡಿಕೊಟ್ಟಿಲ್ಲ.

ಹಾಗೆ ನಿಂತಾಗ ಕೈಗೆ ಸಿಕ್ಕಿದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಸ್ವಾಮಿ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ನೋಡೋಕೆ ಕಾಡುಮೇಡು ಅಲೆದ ಪ್ರವಾಸದ ಕತೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಮೇಷ್ಟ್ರು ಮತ್ತು ಹುಡುಗರ ನಡುವಿನ ತಮಾಷೆ ಓದುತ್ತಿದ್ದರೆ ಒಬ್ಬೊಬ್ಬರೇ ನಗುತ್ತೀರಿ. 'ಪರಿಸರದ ಕತೆ'ಯ ಪಕ್ಕ ಇಟ್ಟರೆ ಇದು ಸ್ವಲ್ಪ ನಿಧಾನ. ಸಸ್ಯಗಳ ಹೆಸರು, ಎಲೆ ಹೂವಿನ ವಿವರ ಜಾಸ್ತಿ. ಓದು ಪೂರ್ತಿ ನಿಂತಿರುವಾಗ ಇದನ್ನೇ ಮೊದಲು ಹಿಡಿದರೆ ಆ ವಿವರಗಳಲ್ಲಿ ಮನಸ್ಸು ಜಾರುತ್ತದೆ. ತೇಜಸ್ವಿಯ ನಂತರ ಹಿಡಿದರೆ ಅವೇ ವಿವರಗಳು ರುಚಿ ಹತ್ತುತ್ತವೆ. ಓದಿ ಮುಗಿಸಿದ ಮೇಲೆ ರಸ್ತೆ ಬದಿಯ ಮರದ ಹೆಸರು ಗೊತ್ತಿಲ್ಲದೆ ಮುಂದೆ ಹೋಗೋಕೆ ಮನಸ್ಸೇ ಬರುವುದಿಲ್ಲ.

ಮಂಕುತಿಮ್ಮನ ಕಗ್ಗವನ್ನು ದಿನಕ್ಕೊಂದು ಪದ್ಯದಂತೆ ಓದು ಅಂತ ಹೇಳುವವರೂ ಇದ್ದಾರೆ. ಕಗ್ಗ ಓದೋದು ಬೇರೆಯೇ ಒಂದು ಅಭ್ಯಾಸ. ಒಂದು ಪದ್ಯ ಓದಿದರೆ ಪುಸ್ತಕ ಮುಚ್ಚಿ ಯೋಚಿಸಬೇಕು ಅನ್ನಿಸುತ್ತದೆ. ನಮಗೆ ಈಗ ಬೇಕಿರೋದು ಪುಟ ತಿರುವಿಸೋ ಪುಸ್ತಕ, ಹಾಗಾಗಿ ಅದನ್ನು ಈ ಹೋಲಿಕೆಗೆ ಸೇರಿಸಿಲ್ಲ.

ಯಾಕೆ ಓದು ನಿಂತಿದೆ ಅನ್ನೋದನ್ನೂ ನೋಡಿಕೊಳ್ಳಬೇಕು. 'ಮಲೆಗಳಲ್ಲಿ ಮದುಮಗಳು' ಥರದ ದೊಡ್ಡ ಕಾದಂಬರಿ ಮುಗಿಸಿ, ಅದರಿಂದ ಹೊರಗೆ ಬರೋಕೆ ಆಗದೆ ಓದು ನಿಂತಿದ್ದರೆ ಇನ್ನೊಂದು ಮಲೆನಾಡಿನ ಪುಸ್ತಕ ಹಿಡಿಯಬೇಡಿ. ಮನಸ್ಸು ಸುಮ್ನೆ ಹೋಲಿಸುತ್ತಾ ಕೂರುತ್ತದೆ. ಆಗ ಗಣೇಶಯ್ಯ ಸರಿ, ಆ ವೇಗವೇ ಅಲ್ಲಿ ಔಷಧಿ. ಕೆಲಸದ ಸುಸ್ತಿಗೆ ನಿಂತಿದ್ದರೆ 'ಪರಿಸರದ ಕತೆ'. ಮೊದಲ ಪುಟದಿಂದಲೇ ಶುರು ಮಾಡಬೇಕು ಅಂತೇನಿಲ್ಲ, ಹೆಸರು ನೋಡಿ ಇಷ್ಟವಾದ ಕತೆಯಿಂದ ಹಿಡಿಯಿರಿ. ಮೊಬೈಲ್‌ನಿಂದಾಗಿ ನಿಂತಿದ್ದರೆ ಅದೇ ಪುಸ್ತಕವನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ. ಕೇಳೋರು ಎದುರಿಗೆ ಕೂತಿರುವಾಗ ನಡುವೆ ನಿಲ್ಲಿಸಿ ಮೊಬೈಲ್ ತೆಗೆಯೋಕೆ ಕೈ ಬರುವುದಿಲ್ಲ. 'ಘಾಚರ್ ಘೋಚರ್' ಅನ್ನು ಮಾತ್ರ ಓದು ಚೆನ್ನಾಗಿ ನಡೆಯುತ್ತಿರುವ ದಿನಗಳಿಗೆ ಇಟ್ಟುಕೊಳ್ಳಿ. ಅದು ಮುಗಿದ ಮೇಲೆ ಎರಡು ದಿನ ಬೇರೇನೂ ಓದದೆ ಇರೋಕೆ ಆಗ ನಿಮಗೆ ಭಯ ಇರುವುದಿಲ್ಲ.